ಪವರ್ ಬ್ಯಾಂಕ್ ಕೊಳ್ಳುವಾಗ, ಬಳಸುವಾಗ: ಎಂಎಎಚ್ ಬದಲು ನಾನು ನೋಡುವ ಲೆಕ್ಕ

ಪವರ್ ಬ್ಯಾಂಕ್ ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಮುಂದೆ ದಪ್ಪಗೆ ಅಚ್ಚಾದ 10000 ಎಂಎಎಚ್ (ಮಿಲಿಆಂಪ್-ಅವರ್) ಎಂಬುದು ಒಳಗಿನ ಸೆಲ್‌ನ ಲೆಕ್ಕ, ಅದೂ 3.7 ವೋಲ್ಟ್‌ನಲ್ಲಿ. ಪೋರ್ಟ್‌ನಿಂದ ಹೊರಗೆ ಬರುವುದು 5 ವೋಲ್ಟ್, 9 ವೋಲ್ಟ್ ಅಥವಾ ಇನ್ನೂ ಹೆಚ್ಚು. ಹಾಗಾಗಿ ಎಂಎಎಚ್‌ಗೆ ಎಂಎಎಚ್ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹೋಲಿಸಬೇಕಾದದ್ದು ಶಕ್ತಿಯನ್ನು, ಅಂದರೆ ವ್ಯಾಟ್-ಅವರ್. ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 10000ಕ್ಕೆ 37, 20000ಕ್ಕೆ 74. ಫೋನ್ ಎಷ್ಟು ಸಲ ತುಂಬುತ್ತದೆ, ಕರೆಂಟ್ ಹೋದಾಗ ವೈಫೈ ಎಷ್ಟು ಹೊತ್ತು ನಡೆಯುತ್ತದೆ, ವಿಮಾನದಲ್ಲಿ ಒಯ್ಯಬಹುದೇ ಎಂಬ ಮೂರಕ್ಕೂ ಇದೊಂದೇ ಅಂಕಿ ಸಾಕು.

5000 ಎಂಎಎಚ್ ಬ್ಯಾಟರಿಯ ಫೋನ್ ಹಿಡಿಸುವುದು ಸುಮಾರು 19 ವ್ಯಾಟ್-ಅವರ್. 37 ಇರುವ ಪವರ್ ಬ್ಯಾಂಕ್ ಅದನ್ನು ಎರಡು ಸಲ ತುಂಬಬೇಕಲ್ಲವೇ? ತುಂಬುವುದಿಲ್ಲ. ಸೆಲ್‌ನ ವೋಲ್ಟೇಜನ್ನು ಏರಿಸುವ ಸರ್ಕ್ಯೂಟ್ ಶೇ. 10ರಿಂದ 15ರಷ್ಟನ್ನು ಶಾಖವಾಗಿ ಕಳೆಯುತ್ತದೆ. ಕೇಬಲ್ ಮತ್ತು ಫೋನಿನೊಳಗಿನ ಚಾರ್ಜಿಂಗ್ ಸರ್ಕ್ಯೂಟ್ ಹೆಚ್ಚುಕಡಿಮೆ ಅಷ್ಟೇ ಮತ್ತೆ ತಿನ್ನುತ್ತವೆ. ಕೊನೆಗೆ ಕೈಗೆ ಸಿಗುವುದು ಒಂದೂವರೆ ಸಲಕ್ಕೂ ತುಸು ಕಡಿಮೆ. ಇದು ಮೋಸವಲ್ಲ. ಪ್ರಾಮಾಣಿಕ ಕಂಪನಿ ‘5 ವೋಲ್ಟ್‌ನಲ್ಲಿ ಸುಮಾರು 6000 ಎಂಎಎಚ್’ ಎಂಬ ಅರ್ಥದ ಇನ್ನೊಂದು ಸಾಲನ್ನು ಹಿಂಬದಿಯಲ್ಲೇ ಹಾಕಿರುತ್ತದೆ. ಆ ಸಾಲೂ ಇಲ್ಲ, ವ್ಯಾಟ್-ಅವರ್ ಕೂಡ ಇಲ್ಲ ಎಂದಾದರೆ ನಾನು ಕೊಳ್ಳುವುದಿಲ್ಲ. ನಿಸ್ತಂತು ಚಾರ್ಜಿಂಗ್‌ನ ಮ್ಯಾಗ್ನೆಟ್ ಮಾದರಿಗಳಲ್ಲಿ ನಷ್ಟ ಇನ್ನೂ ಹೆಚ್ಚು, ಬಿಸಿಯೂ ಹೆಚ್ಚು.

ನಕಲಿ ಹಿಡಿಯಲು ಅಡುಗೆಮನೆಯ ತಕ್ಕಡಿ ಒಳ್ಳೆಯ ಸಾಧನ. 18650 ಎಂಬ ದುಂಡನೆಯ ಕೊಳವೆಯಾಕಾರದ ಸೆಲ್ ಒಂದು 45ರಿಂದ 48 ಗ್ರಾಂ ತೂಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಹಿಡಿಸುವುದು ಹೆಚ್ಚೆಂದರೆ 3500 ಎಂಎಎಚ್. 10000 ಬೇಕಾದರೆ ಅಂಥ ಮೂರು ಸೆಲ್, ಅವಕ್ಕೇ 140 ಗ್ರಾಂ. ಕವಚ, ಬೋರ್ಡು ಸೇರಿ 180ರಿಂದ 230. ಚಪ್ಪಟೆ ಪಾಲಿಮರ್ ಸೆಲ್‌ನವೂ ಇದರಿಂದ ಬಹಳ ದೂರ ಹೋಗುವುದಿಲ್ಲ. 20000 ಎಂದು ಬರೆದು 280 ಗ್ರಾಂಗಿಂತ ಹಗುರವಾಗಿದ್ದರೆ ಅದರ ಮಾತು ನಂಬಬೇಡಿ. ಭಾರವಿದ್ದ ಮಾತ್ರಕ್ಕೆ ಅಸಲಿ ಎನ್ನಲೂ ಆಗದು, ಮರಳು ತುಂಬಿದ ನಕಲಿಗಳೂ ಸಿಕ್ಕಿವೆ. ತಕ್ಕಡಿ ಹಗುರವಾದದ್ದನ್ನು ತಳ್ಳಿಹಾಕಲು ಮಾತ್ರ.

ಆಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು. ನಮ್ಮ ದೇಶದಲ್ಲಿ ಪವರ್ ಬ್ಯಾಂಕ್‌ಗೂ ಚಾರ್ಜರ್‌ಗೂ ನೋಂದಣಿ ಕಡ್ಡಾಯ. ಮಾನಕದ ಸಂಖ್ಯೆ (ಉದಾಹರಣೆಗೆ ಐಎಸ್ 13252), ‘ಆರ್’ ಅಕ್ಷರ, ಅದರ ಮುಂದೆ ಎಂಟು ಅಂಕಿ ಇರಬೇಕು. ಅಂಕಿ ಇದೆ ಎಂದು ನಿಲ್ಲಿಸದೆ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡುತ್ತೇನೆ. ತಯಾರಕರ ಹೆಸರು, ಬ್ರ್ಯಾಂಡ್, ಯಾವ ಬಗೆಯ ವಸ್ತು ಎಂಬುದು ಬರುತ್ತದೆ. ಪವರ್ ಬ್ಯಾಂಕ್ ಮೇಲಿನ ಸಂಖ್ಯೆ ಬೇರಾವುದೋ ಅಡಾಪ್ಟರ್‌ನದ್ದು ಎಂದು ತೋರಿಸಿದರೆ ಅಲ್ಲಿಗೆ ಮುಗಿಯಿತು. ಒಳ್ಳೆಯ ಹೆಸರಿದ್ದರೂ ಎಚ್ಚರ ಬೇಕು: 2025ರ ಜೂನ್‌ನಲ್ಲಿ ಆಂಕರ್ ಕಂಪನಿ ತನ್ನ ಪವರ್‌ಕೋರ್ 10000ರ ಎ1263 ಮಾದರಿಯನ್ನು, ಅಮೆರಿಕದಲ್ಲಿ ಮಾರಾಟವಾದ 11 ಲಕ್ಷಕ್ಕೂ ಹೆಚ್ಚನ್ನು, ಬೆಂಕಿಯ ಅಪಾಯದ ಕಾರಣಕ್ಕೆ ವಾಪಸ್ ಕರೆಯಿತು. ನಿಮ್ಮಲ್ಲಿರುವ ಮಾದರಿ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಆಗೀಗ ಹುಡುಕಿ ನೋಡುವುದು ಒಳ್ಳೆಯದು.

ಕೊಂಡ ಮೇಲೆ ಅಳೆಯುತ್ತೇನೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಯುಎಸ್‌ಬಿ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವ್ಯಾಟ್-ಅವರ್ ಕೂಡಿಸಿ ತೋರಿಸುವುದನ್ನೇ ತೆಗೆದುಕೊಳ್ಳಿ. ಪವರ್ ಬ್ಯಾಂಕ್ ಪೂರ್ತಿ ತುಂಬಿಸಿ, ಒಂದು ಗಂಟೆ ತಣಿಯಲು ಬಿಟ್ಟು, ಮೀಟರ್ ಮೂಲಕ 5 ವೋಲ್ಟ್‌ನಲ್ಲಿ 2 ಆಂಪ್ಸ್ ಎಳೆಯುವ ಲೋಡ್ (ವಿದ್ಯುತ್ತನ್ನು ಶಾಖವಾಗಿ ಕಳೆಯುವ ರೆಸಿಸ್ಟರ್ ಸಾಧನ) ಹಾಕಿ ಅದು ತಾನಾಗಿ ಆರುವವರೆಗೆ ಕಾಯಿರಿ. ಲೋಡ್ ರೆಸಿಸ್ಟರ್‌ಗಳು ಮುಟ್ಟಲಾಗದಷ್ಟು ಕಾಯುತ್ತವೆ, ಟೈಲ್ಸ್ ಮೇಲಿಟ್ಟು ಹತ್ತಿರದಲ್ಲೇ ಇರಿ. 37ರ ಬ್ಯಾಂಕ್ 31ರ ಆಸುಪಾಸು ಕೊಟ್ಟರೆ ಒಳ್ಳೆಯದು. ಹೊಸದೇ 26ಕ್ಕಿಂತ ಕೆಳಗಿದ್ದರೆ ಹಿಂದಿರುಗಿಸಿ. ಈ ಅಂಕಿಯನ್ನು ತಾರೀಖಿನೊಂದಿಗೆ ಪಟ್ಟಿಯ ಮೇಲೆ ಬರೆದು ಅಂಟಿಸಿದರೆ, ವರ್ಷಕ್ಕೊಮ್ಮೆ ಮತ್ತೆ ಅಳೆದಾಗ ಎಷ್ಟು ಸವೆದಿದೆ ಎಂಬುದು ಗೊತ್ತಾಗುತ್ತದೆ.

ವೇಗದ ವಿಷಯದಲ್ಲಿ ಹೆಚ್ಚಿನ ದೂರುಗಳಿಗೆ ಕಾರಣ ಪವರ್ ಬ್ಯಾಂಕ್ ಅಲ್ಲ, ಅದರ ಮತ್ತು ಫೋನಿನ ಭಾಷೆ ಹೊಂದದಿರುವುದು. ಯುಎಸ್‌ಬಿ ಪವರ್ ಡೆಲಿವರಿ ಎಂಬ ವೇಗದ ಚಾರ್ಜಿಂಗ್ ಪದ್ಧತಿಯ ಸಾಮಾನ್ಯ ನಿಗದಿತ ವೋಲ್ಟೇಜ್‌ಗಳು 5, 9, 15 ಮತ್ತು 20. ಹೆಚ್ಚಿನ ಐಫೋನ್‌ಗಳಿಗೆ 9 ವೋಲ್ಟ್ ಸಾಕು. ಸ್ಯಾಮ್‌ಸಂಗ್‌ನ 25 ವ್ಯಾಟ್ ವೇಗಕ್ಕೆ ವೋಲ್ಟೇಜನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಬದಲಿಸುವ ಪಿಪಿಎಸ್ ಬೇಕು. ಅದು ಬ್ಯಾಂಕ್ ಹಿಂಬದಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಫೋನ್ ನಿಧಾನದ ಚಾರ್ಜಿಂಗಿಗೆ ಇಳಿಯುತ್ತದೆ. ಒಪ್ಪೊ, ಒನ್‌ಪ್ಲಸ್, ರಿಯಲ್‌ಮಿ ಫೋನ್‌ಗಳ 65 ಅಥವಾ 80 ವ್ಯಾಟ್ ಅವರವರ ಸ್ವಂತ ಪದ್ಧತಿ, ಬೇರೆ ಬ್ಯಾಂಕ್‌ನಲ್ಲಿ ಆ ವೇಗ ನಿರೀಕ್ಷಿಸಬೇಡಿ. ಕೇಬಲ್ ಸಾಧಾರಣದ್ದಾದರೆ 3 ಆಂಪ್ಸ್‌ಗೆ ಮಿತಿ. ಅದಕ್ಕಿಂತ ಹೆಚ್ಚು ಹರಿಯಬೇಕಾದರೆ ತನ್ನ ಸಾಮರ್ಥ್ಯ ತಿಳಿಸುವ ಚಿಪ್ ಇರುವ 5 ಆಂಪ್ಸ್ ಕೇಬಲ್ ಬೇಕು.

ಇನ್ನೊಂದು ಸಾಮಾನ್ಯ ಗೊಂದಲ: ಅಗ್ಗದ ಟ್ರಿಮ್ಮರ್, ಟಾರ್ಚ್, ನೆಕ್‌ಬ್ಯಾಂಡ್‌ಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ. ಅವುಗಳ ಸಾಕೆಟ್‌ನಲ್ಲಿ ಇರಬೇಕಾದ 5.1 ಕಿಲೋ-ಓಮ್‌ನ ಎರಡು ರೆಸಿಸ್ಟರ್‌ಗಳನ್ನು ಉಳಿತಾಯಕ್ಕಾಗಿ ಬಿಟ್ಟಿರುತ್ತಾರೆ. ರೆಸಿಸ್ಟರ್ ಕಾಣದೆ ಸಿ ಪೋರ್ಟ್ ವಿದ್ಯುತ್ತನ್ನೇ ಬಿಡುವುದಿಲ್ಲ. ಹಳೆಯ ಚೌಕ ಪೋರ್ಟ್‌ನಿಂದ (ಯುಎಸ್‌ಬಿ-ಎ) ಟೈಪ್-ಸಿಗೆ ಹೋಗುವ ಕೇಬಲ್ ಹಾಕಿದರೆ ಕೆಲಸ ನಡೆಯುತ್ತದೆ. ಹಾಗಾಗಿ ಚೌಕ ಪೋರ್ಟ್ ಒಂದಾದರೂ ಇರುವ ಬ್ಯಾಂಕನ್ನೇ ನಾನು ಆರಿಸುತ್ತೇನೆ. ಇಯರ್‌ಬಡ್, ವಾಚ್‌ಗಳು ಎಳೆಯುವ ಕರೆಂಟ್ ತೀರಾ ಕಡಿಮೆ, ಬ್ಯಾಂಕ್ ‘ಏನೂ ಸೇರಿಲ್ಲ’ ಎಂದುಕೊಂಡು ಆರಿಬಿಡುತ್ತದೆ. ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟ್ ವಿಧಾನಕ್ಕೆ ಹೋಗುವ ಮಾದರಿಗಳು ಇದಕ್ಕೇ ಇವೆ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಿಗೆ ಬಹಳ ಉಪಯೋಗಕ್ಕೆ ಬರುವುದು ವೈಫೈ ರೂಟರ್ ನಡೆಸುವ ವ್ಯವಸ್ಥೆ. ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್, 1 ಅಥವಾ 1.5 ಆಂಪ್ಸ್ ಎಂದಿದ್ದರೂ ಅದು ನಿಜವಾಗಿ ತಿನ್ನುವುದು ಸಾಮಾನ್ಯವಾಗಿ 6ರಿಂದ 9 ವ್ಯಾಟ್. 8 ವ್ಯಾಟ್ ಎಂದುಕೊಂಡರೆ 37ರ ಬ್ಯಾಂಕ್‌ನಲ್ಲಿ ನಾಲ್ಕು ಗಂಟೆ, 74ರದ್ದರಲ್ಲಿ ಏಳೂವರೆಯಿಂದ ಎಂಟು. ದಾರಿ ಎರಡು. 5 ವೋಲ್ಟನ್ನು 12ಕ್ಕೆ ಏರಿಸುವ ಕೇಬಲ್ ಅಗ್ಗ, ಆದರೆ 12 ವ್ಯಾಟ್ ಕೊಡಲು ಅದು ಬ್ಯಾಂಕ್‌ನಿಂದ 2.7 ಆಂಪ್ಸ್‌ನಷ್ಟು ಎಳೆಯುತ್ತದೆ. ಪೋರ್ಟ್ ಸೋತರೆ ರೂಟರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಪವರ್ ಡೆಲಿವರಿಯಿಂದ ನೇರ 12 ವೋಲ್ಟ್ ಕೇಳುವ ಟ್ರಿಗರ್ ಕೇಬಲ್ ನನಗೆ ಹೆಚ್ಚು ಮೆಚ್ಚು, ಬಿಸಿ ಕಡಿಮೆ. ಆದರೆ 12 ವೋಲ್ಟ್ ನಿಗದಿತ ನಾಲ್ಕರಲ್ಲಿ ಇಲ್ಲದ್ದರಿಂದ ಎಲ್ಲ ಬ್ಯಾಂಕ್‌ಗಳೂ ಕೊಡುವುದಿಲ್ಲ. ಪಟ್ಟಿಯ ಔಟ್‌ಪುಟ್ ಸಾಲಿನಲ್ಲಿ ‘12 ವೋಲ್ಟ್, 1.5 ಆಂಪ್ಸ್’ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಪಿನ್ನಿನ ಗಾತ್ರ, ನಡುವೆ ಪ್ಲಸ್ ಇದೆಯೇ ಎಂಬುದನ್ನು ಅಡಾಪ್ಟರ್ ಮೇಲಿನ ಚಿತ್ರದಲ್ಲಿ ನೋಡಿ. 9 ವೋಲ್ಟ್ ರೂಟರ್‌ಗೆ 12 ಕೊಡಬಾರದು. ಫೈಬರ್‌ನ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ವಿದ್ಯುತ್ ಬೇಕು ಎಂಬುದನ್ನು ಮರೆಯಬೇಡಿ.

ಪವರ್ ಬ್ಯಾಂಕನ್ನು ಗೋಡೆಯ ಚಾರ್ಜರ್‌ಗೂ ರೂಟರ್‌ಗೂ ಒಟ್ಟಿಗೆ ಸಿಕ್ಕಿಸಿ ವರ್ಷವಿಡೀ ಬಿಡುವುದು ಬೇಡ. ಹಲವು ಬ್ಯಾಂಕ್‌ಗಳು ಕರೆಂಟ್ ಹೋದ ಕ್ಷಣ ಔಟ್‌ಪುಟ್ ಕಡಿದು ಮತ್ತೆ ಕೊಡುತ್ತವೆ, ರೂಟರ್ ಹೇಗೂ ರೀಸ್ಟಾರ್ಟ್ ಆಗುತ್ತದೆ. ಸದಾ ಪೂರ್ತಿ ತುಂಬಿ ಬೆಚ್ಚಗಿರುವ ಸೆಲ್ ಬೇಗ ಉಬ್ಬುತ್ತದೆ. ಕಾಯಂ ಬೇಕಾದರೆ ರೂಟರ್‌ಗೆಂದೇ ಮಾಡಿದ ಮಿನಿ ಯುಪಿಎಸ್ ತನ್ನಿ.

ಗೋಡೆಯ ಚಾರ್ಜರ್ ಬಗ್ಗೆ ಎರಡು ಮಾತು. 65 ವ್ಯಾಟ್‌ನ ಬಹು ಪೋರ್ಟ್ ಚಾರ್ಜರ್‌ನಲ್ಲಿ ಎರಡನೆಯ ಸಾಧನ ಸಿಕ್ಕಿಸಿದರೆ 45 ಮತ್ತು 20 ಎಂಬಂತೆ ಹಂಚಿಕೆಯಾಗುತ್ತದೆ. ಹಂಚುವ ಹೊತ್ತಿಗೆ ಎಲ್ಲ ಪೋರ್ಟ್‌ಗಳೂ ಒಮ್ಮೆ ಕಡಿದು ಮತ್ತೆ ಬರಬಹುದು. ಎರಡನೆಯದು ಸುರಕ್ಷತೆ: 230 ವೋಲ್ಟ್ ಬದಿಗೂ ನಿಮ್ಮ ಕೈಗೂ ನಡುವೆ ಇರುವುದು ಚಾರ್ಜರ್‌ನೊಳಗಿನ ಟ್ರಾನ್ಸ್‌ಫಾರ್ಮರ್‌ನ ನಿರೋಧನ ಮತ್ತು ಒಂದು ಸುರಕ್ಷತಾ ಕೆಪಾಸಿಟರ್. ನಕಲಿಗಳಲ್ಲಿ ಇವೆರಡರಲ್ಲೇ ಉಳಿತಾಯ ಮಾಡಿರುತ್ತಾರೆ. ಚಾರ್ಜಿಗಿಟ್ಟ ಫೋನ್ ಹಿಡಿದು ಮಲಗುವವರಿದ್ದರೆ ಮನೆಯ ಬಿಡಿ ಚಾರ್ಜರ್‌ಗಳನ್ನೆಲ್ಲ ತೆಗೆದು ಆರ್-ಸಂಖ್ಯೆ ನೋಡಿ. ಸಾಕೆಟ್‌ನಲ್ಲಿ ಪಿನ್ ಸಡಿಲವಾಗಿ ಚಟಪಟ ಎನ್ನುತ್ತಿದ್ದರೆ ಮೊದಲು ಸಾಕೆಟ್ ಬದಲಿಸಿ.

ಬಿಸಿಯೇ ಈ ಸೆಲ್‌ಗಳ ದೊಡ್ಡ ಶತ್ರು. ಸಾಮಾನ್ಯವಾಗಿ ತುಂಬಿಸುವಾಗ 0ಯಿಂದ 45 ಡಿಗ್ರಿ, ಬಳಸುವಾಗ 60ರವರೆಗೆ ಮಿತಿ. ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಈ ಮಿತಿ ದಾಟುತ್ತದೆ. ದಿಂಬಿನಡಿ, ಹಾಸಿಗೆ ಮೇಲೆ, ತುಂಬಿದ ಬ್ಯಾಗಿನೊಳಗೆ ಚಾರ್ಜ್ ಬೇಡ. ಬಳಸದೆ ಇಡುವಾಗ ನಾಲ್ಕು ದೀಪದಲ್ಲಿ ಎರಡು ಹೊತ್ತುವಷ್ಟು ಇಟ್ಟು, ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸುತ್ತೇನೆ. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದ ಸೆಲ್‌ನೊಳಗೆ ತಾಮ್ರ ಕರಗಿ ಮುಂದೆ ಶಾರ್ಟ್ ಆಗುವ ಅಪಾಯವಿದೆ, ಅಂಥದ್ದನ್ನು ಹೇಗೋ ಎಬ್ಬಿಸಲು ಹೋಗಬೇಡಿ.

ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ, 100ರಿಂದ 160ಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಮಾರುಕಟ್ಟೆಯಲ್ಲಿ 27000 ಎಂಎಎಚ್ ಎಂಬ ವಿಚಿತ್ರ ಅಂಕಿ ಕಾಣುವುದು ಇದಕ್ಕೇ, ಅದು 99.9 ವ್ಯಾಟ್-ಅವರ್. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಹೊತ್ತಿ ಉರಿದು, ತನಿಖೆ ಪವರ್ ಬ್ಯಾಂಕ್ ಕಡೆ ಬೊಟ್ಟು ಮಾಡಿದ ಮೇಲೆ ನಿಯಮಗಳು ಬಿಗಿಯಾದವು. ದುಬೈಗೆ ಎಮಿರೇಟ್ಸ್‌ನಲ್ಲಿ ಹೋಗುವವರು ಗಮನಿಸಿ: 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ, 100ರೊಳಗಿನದ್ದು, ಹಾರಾಟದಲ್ಲಿ ಬಳಸುವಂತಿಲ್ಲ, ತಲೆಮೇಲಿನ ಅರೆಯಲ್ಲೂ ಇಡುವಂತಿಲ್ಲ. ಅಂಕಿ ಅಳಿಸಿಹೋದ ಬ್ಯಾಂಕನ್ನು ತಪಾಸಣೆಯಲ್ಲಿ ತೆಗೆದಿಡಬಹುದು, ಪಟ್ಟಿಯ ಮೇಲೆ ಪಾರದರ್ಶಕ ಟೇಪ್ ಹಚ್ಚಿ.

ಉಬ್ಬಿದ, ಸಿಹಿಯಾದ ದ್ರಾವಕದ ವಾಸನೆ ಬರುವ, ಬಿದ್ದು ಮೂಲೆ ನುಗ್ಗಾದ ಬ್ಯಾಂಕನ್ನು ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಪೋರ್ಟ್‌ಗಳಿಗೆ ಟೇಪ್ ಹಚ್ಚಿ, ಒಣ ಮರಳು ಹಾಕಿದ ಲೋಹದ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ನೆರಳಿನಲ್ಲಿಡಿ. ಹೊಗೆ ಬಂದರೆ ಮೊದಲು ಜನ ಹೊರಗೆ, ಆ ಹೊಗೆ ವಿಷ. ಕೈಗೆಟುಕಿದರೆ ಗೋಡೆಯ ಸ್ವಿಚ್ ಆರಿಸಿ. ಸುರಕ್ಷಿತ ದೂರದಿಂದ ಆದರೆ ಮಾತ್ರ ಧಾರಾಳ ನೀರು ಸುರಿಯಿರಿ. ಲಿಥಿಯಂ-ಅಯಾನ್ ಸೆಲ್‌ಗೆ ನೀರು ಹಾಕಬಾರದೆಂಬುದು ತಪ್ಪು ತಿಳಿವಳಿಕೆ, ಪಕ್ಕದ ಸೆಲ್ ತಣಿಯದಿದ್ದರೆ ಬೆಂಕಿ ಮತ್ತೆ ಏಳುತ್ತದೆ. ಸತ್ತ ಬ್ಯಾಂಕ್ ಮನೆಯ ಕಸಕ್ಕೆ ಸೇರಬಾರದು. ಕಸದ ಲಾರಿ ಅದನ್ನು ಅದುಮಿದಾಗ ಹೊತ್ತಿಕೊಳ್ಳುತ್ತದೆ, ಸುಟ್ಟುಕೊಳ್ಳುವವರು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಸಂಗ್ರಹ ಕೇಂದ್ರ ಕೇಳಿ, ಇಲ್ಲವೇ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ‘ಇದರಲ್ಲಿ ಲಿಥಿಯಂ ಬ್ಯಾಟರಿ ಇದೆ’ ಎಂದು ಹೇಳಿ ಬೇರೆಯಾಗಿ ಕೊಡಿ.