ಸೋರಿಯಾಸಿಸ್ ಇದ್ದರೆ ಕೀಲುಗಳನ್ನು ಕಾಪಾಡಿಕೊಳ್ಳುವುದು ಹೇಗೆ?

ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇರುವವರಲ್ಲಿ ಶೇ 30ರವರೆಗೂ ಜನರಿಗೆ ಮುಂದೆ ಸೋರಿಯಾಟಿಕ್ ಸಂಧಿವಾತ, ಅಂದರೆ ಅದರೊಂದಿಗೆ ಬರುವ ಕೀಲುಗಳ ಉರಿಯೂತ, ಬರಬಹುದು. ಬಹುತೇಕರಿಗೆ ಚರ್ಮದ ತೊಂದರೆ ಮೊದಲು ಶುರುವಾಗಿ, ಕೀಲುನೋವು ಕಾಣಿಸಲು ವರ್ಷಗಳೇ ಹಿಡಿಯುತ್ತವೆ. ಎಚ್ಚರ ವಹಿಸಬೇಕಾದದ್ದು ಈ ನಡುವಿನ ಅವಧಿಯಲ್ಲಿ. ಈ ಸಂಧಿವಾತ ಬಾರದಂತೆ ಖಚಿತವಾಗಿ ತಡೆಯುವ ಮದ್ದು ಇನ್ನೂ ಇಲ್ಲ; ಇದೆ ಎಂದು ಹೇಳಿ ಮಾರುವವರನ್ನು ನಂಬಬೇಡಿ. ಬೇಗ ಪತ್ತೆ ಹಚ್ಚಿದರೆ ಕೀಲುಗಳು ಸವೆದು ಸೊಟ್ಟಗಾಗುವುದನ್ನು ಮಾತ್ರ ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ಉಗುರು ನೋಡಿ. ತಿಂಗಳಿಗೊಮ್ಮೆ ಬಣ್ಣ ತೆಗೆದು, ಕೈಕಾಲುಗಳ ಉಗುರುಗಳನ್ನು ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಿ. ಸೂಜಿಮೊನೆಯಿಂದ ಚುಚ್ಚಿದಂತಹ ಗುಳಿಗಳು, ಹಳದಿ ಮಿಶ್ರಿತ ಕಂದು ಕಲೆ, ತುದಿಯಲ್ಲಿ ಉಗುರು ಮೇಲಕ್ಕೆದ್ದಿರುವುದು ಕಂಡರೆ ಫಂಗಸ್ ಎಂದು ನೀವೇ ತೀರ್ಮಾನಿಸಬೇಡಿ. ಉಗುರಿನ ಬುಡಕ್ಕೂ ಬೆರಳ ತುದಿಯ ಕೀಲಿಗೂ ಸ್ನಾಯುರಜ್ಜುವಿನ ನಂಟಿದೆ. ಉಗುರು ಕೆಟ್ಟವರಲ್ಲಿ ಸಂಧಿವಾತದ ಸಾಧ್ಯತೆ ಹೆಚ್ಚು. ತಲೆಯಲ್ಲಿ, ಪೃಷ್ಠದ ಸಂದಿಯಲ್ಲಿ ಸೋರಿಯಾಸಿಸ್ ಇರುವವರಿಗೂ ಇದು ಅನ್ವಯಿಸುತ್ತದೆ. ಸಂಕೋಚದಿಂದ ವೈದ್ಯರಲ್ಲಿ ಮುಚ್ಚಿಡಬೇಡಿ.

ನಂತರ ಬೆಳಗಿನ ಬಿಗಿತವನ್ನು ಗಮನಿಸಿ. ಎದ್ದು ಅರ್ಧ ಗಂಟೆ ಕಳೆದರೂ ಬೆರಳು, ಸೊಂಟ ಬಿಗಿಯಾಗಿಯೇ ಇದ್ದು, ಓಡಾಡಿದಂತೆ ಸಡಿಲವಾದರೆ ಅದು ಉರಿಯೂತದ ಸೂಚನೆ. ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿಕೊಳ್ಳುವುದು, ಹಿಮ್ಮಡಿ ನೋವು ಕೂಡ ಇದರದೇ ಲಕ್ಷಣಗಳು. ಹಿಮ್ಮಡಿ ನೋವಿಗೆ ಚಪ್ಪಲಿ ಬದಲಿಸಿ ಸುಮ್ಮನಾಗುವವರೇ ಹೆಚ್ಚು. ಕಣ್ಣು ಕೆಂಪಾಗಿ, ನೋವಿನೊಂದಿಗೆ ದೃಷ್ಟಿ ಮಂಜಾದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಇವುಗಳಲ್ಲಿ ಯಾವುದು ಕಂಡರೂ ಸಂಧಿವಾತ ತಜ್ಞರನ್ನು ಭೇಟಿಯಾಗಿ. ಆರು ತಿಂಗಳು ತಡವಾದರೂ ಕೀಲಿಗೆ ಶಾಶ್ವತ ಹಾನಿಯಾಗುವ ಅಪಾಯ ಹೆಚ್ಚುತ್ತದೆ. ರುಮಟಾಯ್ಡ್ ಸಂಧಿವಾತದ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂತೆಂದು ನಿರಾಳವಾಗಬೇಡಿ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆ.

ತೂಕ ಹೆಚ್ಚಿದ್ದರೆ ಇಳಿಸಿ. ಬೊಜ್ಜು ಈ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಔಷಧದ ಪರಿಣಾಮವನ್ನೂ ತಗ್ಗಿಸುತ್ತದೆ. ಧೂಮಪಾನ ಬಿಡಿ.

ಔಷಧದ ವಿಷಯದಲ್ಲಿ ಎರಡು ಮಾತು. ಸ್ಟೆರಾಯ್ಡ್ ಮಾತ್ರೆಯನ್ನು ಸ್ವಂತವಾಗಿ ಶುರು ಮಾಡುವುದೂ ಬೇಡ, ಥಟ್ಟನೆ ನಿಲ್ಲಿಸುವುದೂ ಬೇಡ. ಹಾಗೆ ನಿಲ್ಲಿಸಿದರೆ ಸೋರಿಯಾಸಿಸ್ ಉಗ್ರವಾಗಿ ಮರುಕಳಿಸಬಹುದು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರೆ ಅದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧ, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ತೆಗೆದುಕೊಳ್ಳಬೇಕು ಎಂಬುದನ್ನು ವೈದ್ಯರಿಂದಲೇ ಚೀಟಿಯ ಮೇಲೆ ಬರೆಸಿಕೊಂಡು, ಮನೆಯವರಿಗೂ ತಿಳಿಸಿಡಿ.