ಹಳೇ ಅಂಗಿಯ ಅಕ್ಕರೆಗೆ ಹೊಸ ಪದ ಕಟ್ಟುವುದು ಹೇಗೆ

ಕಪಾಟಿನಲ್ಲಿ ಹೊಸ ಅಂಗಿ ಹತ್ತಿದ್ದರೂ ಕೈ ಹೋಗುವುದು ಕಾಲರ್ ಸವೆದದ್ದಕ್ಕೇ. ಈ ಹುಚ್ಚಿಗೊಂದು ಪದ ಬೇಕು ಅನ್ನಿಸಿದಾಗ ಹೆಚ್ಚಿನವರು ‘ಬಟ್ಟೆಪ್ರೀತಿ’ ಎಂದು ಬರೆದು ಮುಗಿಸುತ್ತಾರೆ. ಅದು ಜವಳಿ ಅಂಗಡಿಯ ಬೋರ್ಡಿಗೆ ಸರಿ. ಕೇಳಿದವರು ನಗುವುದಿಲ್ಲ, ಮರುದಿನ ಬಳಸುವುದೂ ಇಲ್ಲ.

ತಪ್ಪು ಎಲ್ಲಿದೆ ಎಂದರೆ, ಸಂಗತಿ ತೀರ ದೊಡ್ಡದು. ಪದ ಕಟ್ಟುವ ಮೊದಲು ಒಂದು ವಾಕ್ಯ ಬರೆದುಕೊಳ್ಳಿ. ಯಾವ ಬಟ್ಟೆ, ಅದರ ಯಾವ ಭಾಗ, ಏನಾದಾಗ ಜೀವ ಚುರ್ ಎನ್ನುತ್ತದೆ? ‘ಒಗೆದೊಗೆದು ಮೆತ್ತಗಾದ ಹತ್ತಿ ಅಂಗಿ ಕೊಡುವ ಹಿತ’ ಒಂದು. ‘ಅದನ್ನು ಅಮ್ಮ ಹರಿದು ಮಸಿಬಟ್ಟೆ ಮಾಡಿಯಾಳು ಎಂಬ ಭಯ’ ಇನ್ನೊಂದು. ‘ಗುಂಡಿ ಉದುರಿ ಕಳೆದುಹೋದ ಸಂಕಟ’ ಮತ್ತೊಂದು. ಮೂರಕ್ಕೂ ಬೇರೆ ಬೇರೆ ಪದ ಬೇಕು.

ಕ್ರಿಯಾಪದವನ್ನೂ ಆಗಲೇ ಆರಿಸಿಕೊಳ್ಳಿ. ಸೀರೆ, ಪಂಚೆ, ಲುಂಗಿ ಉಡುತ್ತೇವೆ, ಅಂಗಿ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ. ವಾರಕ್ಕೆ ನಾಲ್ಕು ಸಲ ಅದೇ ಸೀರೆ ಉಡುವವರಿಗೆ ‘ಉಡುಗುಂಗು’ ಹಿಡಿದಿದೆ ಎನ್ನಬಹುದು. ಅದನ್ನೇ ಟೀಶರ್ಟಿಗೆ ಅಂದರೆ ಕಿವಿಗೆ ಒಗ್ಗದು. ಅಲ್ಲಿ ‘ತೊಡುಗುಂಗು’ ಬೇಕು.

ಮುಂದಿನ ಕೆಲಸ ಅಚ್ಚು ಹುಡುಕುವುದು. ಹೊಸ ಪದ ಹಳೆಯ ಪದವೊಂದರ ತಮ್ಮನೋ ತಂಗಿಯೋ ಆಗಿ ಕಂಡರೆ ಮಾತ್ರ ಬಾಯಿಗೆ ಹತ್ತುತ್ತದೆ. ಭಾವಗಳಿಗೆ ಕನ್ನಡದ ಒಳ್ಳೆಯ ಅಚ್ಚು ‘ಇಕೆ’: ಅಂಜಿಕೆ, ನಾಚಿಕೆ, ಹೆದರಿಕೆ. ಇಂಥ ಪದಗಳಲ್ಲಿ ಇದು ಹತ್ತುವುದು ಕ್ರಿಯಾಪದಕ್ಕೆ. ಅಂಗಿಗೆ ನೇರ ಅಂಟಿಸಿದರೆ ‘ಅಂಗಿಕೆ’ ಎಂಬ ಅರ್ಥವಿಲ್ಲದ್ದು ಹುಟ್ಟುತ್ತದೆ. ಬಾಯಿ, ಆರು, ಇಕೆ ಸೇರಿ ಬಾಯಾರಿಕೆ ಆದಂತೆ ಮೈ, ಅಂಟು, ಇಕೆ ಸೇರಿಸಿದರೆ ‘ಮೈಯಂಟಿಕೆ’. ಬಿಚ್ಚಲು ಮನಸ್ಸೇ ಬಾರದ ಬಟ್ಟೆಯ ಗುಣ ಅದು.

ಎರಡನೆಯ ಅಚ್ಚು ಹುರಿಗಡಲೆಯದು: ‘ಹುರಿ’ ಎಂಬ ಧಾತು, ಅಂದರೆ ಕ್ರಿಯಾಪದದ ಮೂಲರೂಪ, ಅದರ ಮುಂದೆ ‘ಕಡಲೆ’ ಎಂಬ ನಾಮಪದ. ‘ಸವೆ’ ಧಾತುವಿಗೆ ‘ಸುಖ’ ಸೇರಿಸಿ ನೋಡಿ, ಸವೆಸುಖ. ಪರವಾಗಿಲ್ಲ. ‘ಸುಖ’ದ ತದ್ಭವವಾದ ‘ಸೊಗ’ ಹಾಕಿದರೆ ‘ಸವೆಸೊಗ’. ಎರಡು ‘ಸ’ಕಾರ ಒಂದನ್ನೊಂದು ಹಿಡಿದುಕೊಂಡು, ಪದವೂ ಆ ಹಳೇ ಬಟ್ಟೆಯಷ್ಟೇ ಮೆತ್ತಗಾಯಿತು. ತದ್ಭವ ಸಿಕ್ಕಿದರೆ ಅದನ್ನೇ ಬಳಸಿ.

ವ್ಯಕ್ತಿಗೆ ಹೆಸರಿಡಲು ಹೊಟ್ಟೆಬಾಕ, ತಿಂಡಿಪೋತ, ಮೈಗಳ್ಳ ಇವೆ. ಏಪ್ರಿಲ್ ಬಂದರೂ ಸ್ವೆಟರ್ ಬಿಚ್ಚದವನು ‘ಸ್ವೆಟರ್‌ಪೋತ’. ಈ ಬಾಲಗಳೆಲ್ಲ ಬೈಗುಳದ ಮನೆಯವು, ಆದ್ದರಿಂದ ಮನೆಯೊಳಗಿನ ಚೇಷ್ಟೆಗೆ ಚೆನ್ನ, ಬೀಗರ ಮುಂದೆ ಬೇಡ. ‘ಗಾರ’ ಹಾಕಬೇಡಿ: ಅಂಗಿಗಾರ ಅಂದರೆ ಅಂಗಿ ಮಾರುವವನು ಅನ್ನಿಸುತ್ತದೆ.

ಹೆಚ್ಚು ನಗು ಬರುವುದು ಅರಿಸಮಾಸದಲ್ಲಿ. ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿ ಸಮಾಸ ಮಾಡುವುದನ್ನು 13ನೆಯ ಶತಮಾನದ ಕೇಶಿರಾಜನಂಥ ವ್ಯಾಕರಣಕಾರರು ಸಾಮಾನ್ಯವಾಗಿ ಒಪ್ಪಲಿಲ್ಲ. ‘ಅರಿ’ ಎಂದರೆ ಹಗೆ. ನಮಗೆ ಬೇಕಿರುವುದು ಆ ಹಗೆತನವೇ. ಲುಂಗಿ, ಆನಂದ: ‘ಅತಿ’ಗೆ ‘ಅಂತ’ ಸೇರಿ ಅತ್ಯಂತ ಆದ ಯಣ್ ಸಂಧಿಯನ್ನೇ ಇಲ್ಲಿ ಕಟ್ಟುನಿಟ್ಟಾಗಿ ಹಚ್ಚಿ. ಬಂದದ್ದು ‘ಲುಂಗ್ಯಾನಂದ’. ಆಫೀಸಿನಿಂದ ಬಂದು ಪ್ಯಾಂಟು ಕಳಚಿದ ಐದನೇ ನಿಮಿಷಕ್ಕೆ ದೊರೆಯುವ ಸ್ಥಿತಿಯೂ ಹೌದು, ಸ್ವಾಮಿಗಳ ಹೆಸರೂ ಹೌದು. ಸಂಧಿ ತಪ್ಪಿ ‘ಲುಂಗಿಯಾನಂದ’ ಅಂದರೆ ಸ್ವಾಮಿಗಳು ಮಾಯವಾಗುತ್ತಾರೆ.

ಕನ್ನಡ ಪದಗಳನ್ನೇ ಜೋಡಿಸುವಾಗ ಎರಡನೆಯದರ ಮೊದಲ ಅಕ್ಷರ ನೋಡಿ: ‘ಕ’ ಇದ್ದರೆ ‘ಗ’, ‘ಪ’ ಇದ್ದರೆ ‘ಬ’ ಆಗುವುದುಂಟು. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಮೆಚ್ಚು, ಕುಪ್ಪಸ ಸೇರಿದರೆ ‘ಮೆಚ್ಚುಗುಪ್ಪಸ’. ನಡುವೆ ‘ಮೆಚ್ಚುಗೆ’ಯ ದನಿ ಬಿಟ್ಟಿಯಾಗಿ ಸಿಕ್ಕಿತು. ಇಂಗ್ಲಿಷಿನಿಂದ ಬಂದ ಪದಕ್ಕೆ ಈ ನಿಯಮ ಹಚ್ಚಬೇಡಿ. ‘ಮೆಚ್ಚುಪ್ಯಾಂಟು’ ಸರಿ, ‘ಮೆಚ್ಚುಬ್ಯಾಂಟು’ ಅಂದರೆ ಅದು ಯಾವ ಊರಿನ ವಾದ್ಯ ಎಂದು ಕೇಳುತ್ತಾರೆ.

ಇನ್ನು ‘ಗಿ’ಕಾರದ ಜೋಡಿ: ಬಟ್ಟೆಗಿಟ್ಟೆ, ಸೀರೆಗೀರೆ. ಆಟದಂತೆ ಕಂಡರೂ ಅಕ್ಕರೆಗೆ ಇದು ಸಲ್ಲದು, ಏಕೆಂದರೆ ‘ಗಿ’ ಸೇರಿದ ಕೂಡಲೇ ವಸ್ತು ಅಗ್ಗವಾಗುತ್ತದೆ. ಅಕ್ಕರೆಗೆ ನಂಟಸ್ತಿಕೆಯ ಪದಗಳಿವೆ. ಹೊಸದಾಗಿದ್ದಾಗ ‘ಶಾಲ್ಮರಿ’, ತೇಪೆ ಬಿದ್ದ ಮೇಲೆ ‘ಶಾಲಜ್ಜಿ’. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯ ನಂತರವೂ ಒಂದು ಹಂತವಿದೆ: ‘ಕೌದಿಮೋಕ್ಷ’.

ಪದ ಸಿದ್ಧವಾಯಿತೆಂದು ಹಿಗ್ಗುವ ಮೊದಲು ನಾಲ್ಕು ಪರೀಕ್ಷೆ. ಅಕ್ಷರ ಎಣಿಸಿ, ಬಾಯಾರಿಕೆ ನಾಲ್ಕು, ಹುರಿಗಡಲೆ ಐದು. ಐದು ದಾಟಿದರೆ ವಿವರಣೆಯಾಗುತ್ತದೆ, ಪದವಲ್ಲ. ಆಮೇಲೆ ಗಟ್ಟಿಯಾಗಿ ಹೇಳಿ. ಒರಸು, ಅಂಜಿಕೆ ಸೇರಿಸಿ ‘ಒರಸಂಜಿಕೆ’ ಎಂದರೆ ವ್ಯಾಕರಣ ಸರಿಯೇ, ಆದರೆ ಲೋಪಸಂಧಿಯಲ್ಲಿ ‘ಉ’ ಹೋದ ಜಾಗದಲ್ಲಿ ಕಿವಿಗೆ ‘ಸಂಜೆ’ ಕೇಳುತ್ತದೆ. ಮೊದಲ ಪದ ಬದಲಿಸಿ ‘ಮಸಿಯಂಜಿಕೆ’ ಮಾಡಿ. ನಡುವಿನ ‘ಯ’ಕಾರ ಎರಡೂ ಪದಗಳನ್ನು ಉಳಿಸುತ್ತದೆ, ಮಸಿಬಟ್ಟೆಯೂ ನೆನಪಾಗುತ್ತದೆ.

ಮೂರನೆಯದು ಊರಿನ ಪರೀಕ್ಷೆ, ಹೆಚ್ಚಿನ ಪದಗಳು ಸೋಲುವುದು ಇಲ್ಲೇ. ಬಣ್ಣ ಮಾಸಿದ ಬಟ್ಟೆಯ ಮೇಲಿನ ಮೋಹಕ್ಕೆ ‘ಮಾಸೊಲವು’ ಎಷ್ಟು ಚೆಂದ! ದನ ಸಾಕಿದವರ ಮನೆಯಲ್ಲಿ ಹೇಳಿ ನೋಡಿ. ಕರು ಹಾಕಿದ ಮೇಲೆ ಹಸುವಿನಿಂದ ಬೀಳುವುದು ಮಾಸು. ‘ಮೈಯಂಟಿಕೆ’ಗೂ ಮೇ ತಿಂಗಳ ಮಂಗಳೂರಿನಲ್ಲಿ ಬೆಲೆಯಿಲ್ಲ, ಅಲ್ಲಿ ಮೈಗೆ ಅಂಟುವುದು ಬೆವರಿನ ದೂರು, ‘ಮೈನಂಟು’ ಎನ್ನಿ. ಧಾರವಾಡದ ಕಡೆಯವರಿಗಾದರೆ ಬಟ್ಟೆಗೆ ‘ಅರಿವೆ’ ಬಳಸಿ. ಮೈಸೂರಿನವರು ಅದರಲ್ಲಿ ‘ಅರಿವು’ ಕೇಳಿಸಿಕೊಂಡು ಗಂಭೀರರಾದಾರು.

ಕೊನೆಯದಾಗಿ ವಿಭಕ್ತಿ ಹಚ್ಚಿ, ಸಾದಾ ಮಾತಿನಲ್ಲಿ ಎಸೆಯಿರಿ: ‘ಮಸಿಯಂಜಿಕೆಯಿಂದ ಆ ಬನಿಯನ್ನ ಸೂಟ್‌ಕೇಸಲ್ಲಿ ಬಚ್ಚಿಟ್ಟಿದಾನೆ.’ ಅರ್ಥ ಹೇಳಬೇಡಿ. ಕೇಳಿದವರು ‘ಏನಂದ್ರಿ?’ ಎಂದರೆ ಪದ ಬಿದ್ದಿತು. ನಕ್ಕು ‘ಯಾವ ಬನಿಯನ್ನು?’ ಎಂದರೆ ನಿಂತಿತು.

ಕೆಲವೊಮ್ಮೆ ಇಷ್ಟೆಲ್ಲ ಮಾಡಬೇಕಿಲ್ಲ, ಭಾಷೆಯೇ ಮುಕ್ಕಾಲು ಪಾಲು ಮಾಡಿಟ್ಟಿರುತ್ತದೆ. ಗುಂಡಿ ಎಂದರೆ ಬಟನ್ನು. ಚತುರ್ಥಿ ವಿಭಕ್ತಿ ಹಚ್ಚಿದರೆ ಗುಂಡಿಗೆ. ಗುಂಡಿಗೆ ಎಂದರೆ ಎದೆಯೂ ಹೌದು. ಇಷ್ಟದ ಅಂಗಿಯ ಮೂರನೇ ಗುಂಡಿ ಬಸ್ಸಿನಲ್ಲೆಲ್ಲೋ ಉದುರಿ, ಅದೇ ಬಣ್ಣದ್ದು ಯಾವ ಅಂಗಡಿಯಲ್ಲೂ ಸಿಗದಾಗ ಆಗುವುದು ‘ಗುಂಡಿಗೆನೋವು’.