ಆಫ್‌ರೋಡ್ ಗಾಡಿಯ ಇಂಜಿನ್ ಮೌಂಟಿಂಗ್: ನೋಡಿಕೊಳ್ಳೋದು ಹೇಗೆ, ಬದಲಾಯಿಸೋದು ಹೇಗೆ

ಕಲ್ಲು, ಕೆಸರು, ಹಳ್ಳ ಅಂತ ಗಾಡಿ ಓಡಿಸುವವರು ಟೈರು, ಸಸ್ಪೆನ್ಷನ್, ವಿಂಚ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಇಂಜಿನ್ನನ್ನು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಹಿಡಿದಿಡುವ ಇಂಜಿನ್ ಮೌಂಟಿಂಗ್ ಮಾತು ಬರುವುದು ಅದು ಹರಿದ ಮೇಲೇನೇ. ಹರಿಯುವುದು ಒಂದು ರಬ್ಬರ್ ತುಂಡು, ಪೆಟ್ಟು ಬೀಳುವುದು ಮಾತ್ರ ಬೇರೆ ಕಡೆ. ಫ್ಯಾನ್ ಹೋಗಿ ಅದರ ಸುತ್ತಲಿನ ಕವರ್‌ಗೆ ಬಡಿಯುತ್ತದೆ, ರೇಡಿಯೇಟರ್ ಹೋಸ್ ಎಳೆದುಕೊಂಡು ಕಿತ್ತು ಬರುತ್ತದೆ, ಟರ್ಬೋ ಪೈಪು ಜಾರುತ್ತದೆ, ಎಕ್ಸಾಸ್ಟ್ ಪೈಪು ಬಿರುಕು ಬಿಡುತ್ತದೆ. ಜನ ಆ ಪೈಪು ಬದಲಾಯಿಸಿ ಸುಮ್ಮನಾಗುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಪೈಪು ಮತ್ತೆ ಹೋಗುತ್ತದೆ. ಹಾಗಾಗಿ ಒಂದೇ ಜಾಗ ಎರಡನೇ ಸಲ ಕೆಟ್ಟರೆ ಮೊದಲು ಮೌಂಟಿಂಗ್ ನೋಡಿ.

ಇಂಜಿನ್ ಉದ್ದಕ್ಕೆ (ಮುಂದಿನಿಂದ ಹಿಂದಕ್ಕೆ) ಕೂತ ಗಾಡಿಗಳಲ್ಲಿ ಸಾಮಾನ್ಯವಾಗಿ ಮೂರು ಮೌಂಟಿಂಗ್ ಇರುತ್ತವೆ. ಇಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು, ಹಿಂದೆ ಗೇರ್‌ಬಾಕ್ಸ್ ಕೆಳಗೆ ಒಂದು. ಎರಡು ಕಬ್ಬಿಣದ ತಟ್ಟೆಗಳ ನಡುವೆ ರಬ್ಬರ್ ಅಂಟಿಸಿರುತ್ತಾರೆ, ಅಷ್ಟೇ. ಕೆಲವದರಲ್ಲಿ ನಡುಕ ಕಡಿಮೆ ಮಾಡಲು ಒಳಗೆ ದ್ರವವೂ ಇರುತ್ತದೆ. ಇವು ಇಂಜಿನ್ ಭಾರ ಹೊರುವುದಷ್ಟೇ ಅಲ್ಲ, ಚಕ್ರಕ್ಕೆ ಹೋಗುವ ತಿರುಚುವ ಬಲ ವಾಪಸ್ ಒದೆಯುತ್ತದಲ್ವಾ, ಅದನ್ನೂ ತಡೆಯಬೇಕು. ಲೆಕ್ಕ ಹಾಕಿ ನೋಡಿ. ಇಂಜಿನ್ 200 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ, ಕೊಡುತ್ತದೆ ಅಂದುಕೊಳ್ಳಿ. ಫಸ್ಟ್ ಗೇರ್ ಅದನ್ನು 4 ಪಟ್ಟು ಮಾಡುತ್ತದೆ, ಲೋ ರೇಂಜ್ (ಕಷ್ಟದ ಜಾಗಕ್ಕೆ ಅಂತ ಇರುವ ಹೆಚ್ಚುವರಿ ನಿಧಾನ ಗೇರ್) ಇನ್ನೂ 2.5 ಪಟ್ಟು. ಒಟ್ಟು 2000 ನ್ಯೂಟನ್ ಮೀಟರ್. ಅಷ್ಟೇ ಬಲ ಉಲ್ಟಾ ದಿಕ್ಕಿನಲ್ಲಿ ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ತಿರುಚುತ್ತದೆ. ಟಾರ್ ರಸ್ತೆಯಲ್ಲೇ ಓಡುವ ಗಾಡಿಯ ಮೌಂಟಿಂಗ್‌ಗೆ ಇಂಥ ಒದೆ ಬೀಳುವುದು ಅಪರೂಪ.

ಇಂಥ ಇಂಜಿನ್‌ಗಳು ಮುಂದಿನಿಂದ ನೋಡಿದರೆ ಬಹುಪಾಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತವೆ. ಮುಂದಕ್ಕೆ ಎಳೆಯುವಾಗ ಗಾಡಿಯ ಎಡಗಡೆ ಮೌಂಟಿಂಗ್ ಮೇಲಕ್ಕೆ ಎಳೆಯಲ್ಪಡುತ್ತದೆ, ಬಲಗಡೆಯದು ಅದುಮಲ್ಪಡುತ್ತದೆ. ರಬ್ಬರ್‌ಗೆ ಅದುಮಿದರೆ ತಡೆಯುವ ಶಕ್ತಿ ಇದೆ, ಎಳೆದರೆ ಇಲ್ಲ. ಅದಕ್ಕೇ ಎಡಗಡೆಯದು ಮೊದಲು ಹರಿಯುವುದು ಜಾಸ್ತಿ. ರಿವರ್ಸ್‌ನಲ್ಲಿ ಇದು ಅದಲುಬದಲು. ಕೆಸರಲ್ಲಿ ಸಿಕ್ಕಿಕೊಂಡಾಗ ಫಸ್ಟ್, ರಿವರ್ಸ್, ಫಸ್ಟ್, ರಿವರ್ಸ್ ಅಂತ ಗಾಡಿ ಜೋಲಿ ಹೊಡೆಸುತ್ತಾರಲ್ಲ, ಮೌಂಟಿಂಗ್‌ಗೆ ಅದಕ್ಕಿಂತ ಕೆಟ್ಟ ಶಿಕ್ಷೆ ಇನ್ನೊಂದಿಲ್ಲ.

ಲಕ್ಷಣಗಳು ಹೀಗಿರುತ್ತವೆ. ಐಡಲ್‌ನಲ್ಲಿ ನಡುಕ ಜಾಸ್ತಿ ಆಗುತ್ತದೆ. ಕ್ಲಚ್ ಬಿಟ್ಟಾಗ, ಅಥವಾ ಆಟೋಮ್ಯಾಟಿಕ್ ಗಾಡಿಯಲ್ಲಿ ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ, ಕೆಳಗಿನಿಂದ "ಢಬ್" ಅನ್ನುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಂತೆ ಗೇರ್ ಲಿವರ್ ವಾಲಾಡುತ್ತದೆ. ಲೋ ರೇಂಜ್ ತಾನಾಗೇ ಜಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚುವ ಮೊದಲು ಹಿಂದಿನ ಮೌಂಟಿಂಗ್ ನೋಡಿ.

ಪರೀಕ್ಷೆ ಸುಲಭ, ಆದರೆ ಹುಷಾರು. ಸಮತಟ್ಟಾದ ಜಾಗ, ಚಕ್ರ ಉರುಳದಂತೆ ಅಡ್ಡೆ, ಹ್ಯಾಂಡ್‌ಬ್ರೇಕ್, ಬಾನೆಟ್ ತೆರೆದಿರಲಿ. ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು, ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿಯುವ ತನಕ ಮಾತ್ರ ಬಿಡಬೇಕು. ಆಮೇಲೆ ರಿವರ್ಸ್‌ನಲ್ಲಿ ಅದೇ. ರೇಸ್ ಮಾಡುವುದು ಬೇಡ. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಗಾಡಿಯ ಮುಂದೆ ಹಿಂದೆ ಯಾರೂ ಇರಕೂಡದು. ಇಂಜಿನ್ ಸ್ವಲ್ಪ ವಾಲುವುದು ಸಹಜ. ಒಂದಿಂಚು ದಾಟಿ ಎದ್ದು ಟಪ್ ಅಂತ ಕೂತರೆ ಮೌಂಟಿಂಗ್ ಹೋಗಿದೆ ಅಂತಲೇ ತಿಳಿಯಿರಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಟಾರ್ಚ್ ಹಿಡಿದು ರಬ್ಬರ್ ಮತ್ತು ಕಬ್ಬಿಣ ಸೇರುವ ಗೆರೆಯನ್ನೇ ನೋಡಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆಗಳಿದ್ದರೆ ಅದು ವಯಸ್ಸು, ತಕ್ಷಣ ಚಿಂತೆ ಬೇಡ. ಒಂದು ಉದ್ದನೆಯ ಮೀಟುಗೋಲನ್ನು ಬ್ರಾಕೆಟ್ (ಮೌಂಟಿಂಗ್ ಹಿಡಿದಿಡುವ ಕಬ್ಬಿಣದ ತುಂಡು) ಮತ್ತು ಚಾಸಿ ನಡುವೆ ಹಾಕಿ ಮೆಲ್ಲಗೆ ಎತ್ತಿ. ಒಳ್ಳೆಯ ಮೌಂಟಿಂಗ್ ಬಿಗಿಯಾಗಿ ಹಿಗ್ಗಿ ವಾಪಸ್ ಬರುತ್ತದೆ. ಕೆಟ್ಟದ್ದರಲ್ಲಿ ಆ ಗೆರೆ ಬಾಯಿ ಬಿಡುತ್ತದೆ. ಒಳಗೆ ಒಣಗಿದ ಕೆಸರಿನ ಪುಡಿ, ತುಕ್ಕಿನ ಕೆಂಪು ಕಂಡರೆ ಅದು ಹರಿದು ಬಹಳ ದಿನವಾಗಿದೆ ಅಂತ ಅರ್ಥ. ದ್ರವ ಇರುವ ಮೌಂಟಿಂಗ್ ಆದರೆ ಕೆಳಗೆ ಒದ್ದೆ ಕಲೆ ಅಥವಾ ಕಪ್ಪು ಜಾಡು ಹುಡುಕಿ.

ಆರೈಕೆ ಅಂದರೆ ಮುಖ್ಯವಾಗಿ ಎಣ್ಣೆಯಿಂದ ದೂರ ಇಡುವುದು. ವಾಲ್ವ್ ಕವರ್‌ನಿಂದಲೋ ಪವರ್ ಸ್ಟೀರಿಂಗ್ ಪೈಪ್‌ನಿಂದಲೋ ತೊಟ್ಟಿಕ್ಕುವ ಎಣ್ಣೆ ನೇರ ಮೌಂಟಿಂಗ್ ಮೇಲೆ ಬಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಇಲ್ಲದಿದ್ದರೆ ಹೊಸದನ್ನು ಹಾಕಿಯೂ ಪ್ರಯೋಜನವಿಲ್ಲ. ಇಂಜಿನ್ ತೊಳೆಯಲು ಡೀಸೆಲ್, ಸೀಮೆಎಣ್ಣೆ ಬೇಡವೇ ಬೇಡ. ಸೋಪು ನೀರು ಸಾಕು. ಕೆಸರಿನ ಓಡಾಟ ಮುಗಿದ ಮೇಲೆ ಮೌಂಟಿಂಗ್ ಸುತ್ತ ಕೂತ ಮಣ್ಣು ತೆಗೆಯಿರಿ, ಅದರಲ್ಲಿರುವ ಮರಳು ರಬ್ಬರನ್ನು ಉಜ್ಜಿ ತಿನ್ನುತ್ತದೆ. ಎಕ್ಸಾಸ್ಟ್ ಪಕ್ಕದ ಮೌಂಟಿಂಗ್‌ಗೆ ಶಾಖ ತಡೆಯುವ ತಗಡು ಇದ್ದರೆ, ಅದು ಗಲಗಲ ಅನ್ನುತ್ತದೆ ಅಂತ ಬಿಚ್ಚಿ ಎಸೆಯಬೇಡಿ.

ಹೊಸದು ಯಾವುದು ಹಾಕಬೇಕು? ನನ್ನ ಮಟ್ಟಿಗೆ, ಬಹುತೇಕರಿಗೆ ಕಂಪನಿಯ ರಬ್ಬರ್ ಮೌಂಟಿಂಗೇ ಸರಿ. ಪಾಲಿಯುರೆಥೇನ್ (ಒಂಥರ ಪ್ಲಾಸ್ಟಿಕ್) ಮೌಂಟಿಂಗ್ ಗಟ್ಟಿ, ಎಣ್ಣೆ ತಡೆಯುತ್ತದೆ, ಆದರೆ ನಡುಕವೆಲ್ಲ ಚಾಸಿಗೆ, ಸೀಟಿಗೆ, ಸ್ಟೀರಿಂಗ್‌ಗೆ ಬರುತ್ತದೆ. ಇನ್ನೂ ಒಂದು ವಿಷಯ. ಚಾಸಿ ತಿರುಚುವಾಗ ರಬ್ಬರ್ ಬಾಗಿ ಕೊಡುತ್ತದೆ. ಮೌಂಟಿಂಗ್ ಬಾಗದೆ ನಿಂತರೆ ಆ ಒತ್ತಡ ಬ್ರಾಕೆಟ್ ವೆಲ್ಡಿಂಗ್ ಮೇಲೆ ಬೀಳುತ್ತದೆ. ರಬ್ಬರ್ ಹರಿದರೆ ಬದಲಾಯಿಸಬಹುದು, ಬ್ರಾಕೆಟ್ ಸೀಳಿದರೆ ಕೆಲಸ ದೊಡ್ಡದು. ಏನೇ ಹಾಕಿದರೂ ಎಡ, ಬಲ ಎರಡೂ ಒಂದೇ ಥರದ್ದಿರಲಿ. ಸಾಧ್ಯವಾದರೆ ಹಿಂದಿನದನ್ನೂ ಸೇರಿಸಿ ಮೂರೂ ಒಟ್ಟಿಗೆ ಬದಲಾಯಿಸಿ. ಒಂದು ಹರಿದು ಎಷ್ಟೋ ದಿನ ಉಳಿದೆರಡು ಅದರ ಭಾರ ಹೊತ್ತಿರುತ್ತವೆ.

ಈಗ ಕೆಲಸ. ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಬ್ಬರ್‌ಗೆ ತಾಗದಂತೆ. ಮರುದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಡಿ ಎತ್ತಿದ್ದರೆ ಸ್ಟ್ಯಾಂಡ್ ಇಡದೆ ಕೆಳಗೆ ನುಗ್ಗಬೇಡಿ. ಫ್ಯಾನ್ ಕವರಿನ ಬೋಲ್ಟ್ ಬಿಚ್ಚಿ, ಏರ್ ಪೈಪು ಸಡಿಲ ಮಾಡಿ, ಅರ್ತ್ ವೈರ್, ಹೋಸ್, ವೈರಿಂಗ್ ಎಲ್ಲಿ ಎಳೆದುಕೊಳ್ಳಬಹುದು ಅಂತ ಒಮ್ಮೆ ಕೈಯಾಡಿಸಿ ನೋಡಿ.

ಇಂಜಿನ್ ಎತ್ತಲು ಮೇಲಿನ ಕೊಕ್ಕೆಗೆ ಹಾಯ್ಸ್ಟ್ ಹಾಕುವುದೇ ಉತ್ತಮ. ಜಾಕಿಯೇ ಗತಿ ಅಂದರೆ ಸಂಪ್, ಅಂದರೆ ಇಂಜಿನ್ ತಳದ ಎಣ್ಣೆ ತೊಟ್ಟಿಯ, ಕೆಳಗೆ ನೇರವಾಗಿ ಇಡಬೇಡಿ. ಅದು ಒಳಕ್ಕೆ ನೆಗ್ಗಿದರೆ ಎಣ್ಣೆ ಹೀರುವ ಪೈಪಿನ ಬಾಯಿ ಮುಚ್ಚಿ ಇಂಜಿನ್ನಿಗೇ ಅಪಾಯ. ಅಲ್ಯುಮಿನಿಯಂ ಸಂಪ್ ಆದರೆ ಒಡೆದೇ ಹೋಗಬಹುದು. ಬೆಲ್ ಹೌಸಿಂಗ್ (ಇಂಜಿನ್, ಗೇರ್‌ಬಾಕ್ಸ್ ಸೇರುವ ಕಡೆಯ ಕವಚ) ಕೆಳಗೆ ಗಟ್ಟಿ ಜಾಗ ಸಿಕ್ಕರೆ ಅಲ್ಲಿ ಇಡಿ. ಸಂಪ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದಾಗ, ಅದೂ ಕಬ್ಬಿಣದ ಸಂಪ್ ಆದರೆ ಮಾತ್ರ, ಅದರ ತಳದಷ್ಟೇ ಅಗಲದ ದಪ್ಪ ಹಲಗೆ ಕೊಟ್ಟು ಭಾರ ಹರಡಿ. ಇಂಜಿನ್ ಮುಂದಿನ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಗೆ ಜಾಕಿ ಕೊಡಲೇಬಾರದು.

ಎರಡೂ ಕಡೆಯ ಮುಖ್ಯ ಬೋಲ್ಟ್ ಸಡಿಲ ಮಾಡಿ, ಆದರೆ ಒಂದು ಕಡೆಯದನ್ನು ಮಾತ್ರ ಪೂರ್ತಿ ಬಿಚ್ಚಿ. ಎರಡೂ ಒಟ್ಟಿಗೆ ತೆಗೆದರೆ ಇಂಜಿನ್ ಜಾರುತ್ತದೆ. ಮೆಲ್ಲಗೆ ಎತ್ತುತ್ತಾ ಮೌಂಟಿಂಗ್ ಮೇಲಿನ ಭಾರ ಹೋದ ತಕ್ಷಣ ನಿಲ್ಲಿಸಿ. ಹಳೆಯದು ಹೊರಬರುವಷ್ಟು ಜಾಗ ಸಾಕು. ಎತ್ತುವಾಗ ಕಣ್ಣು ಫ್ಯಾನ್, ಹೋಸ್, ಹಿಂದೆ ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ ಪಕ್ಕದ ಪೈಪುಗಳ ಮೇಲಿರಲಿ. ಇಂಜಿನ್ ಮತ್ತು ಬ್ರಾಕೆಟ್ ನಡುವೆ ಬೆರಳು ತೂರಿಸಬೇಡಿ, ರಂಧ್ರ ಸರಿಹೋಗಿದೆಯಾ ಅಂತ ಸ್ಕ್ರೂಡ್ರೈವರ್‌ನಿಂದ ನೋಡಿ.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ರಂಧ್ರ, ಪಿನ್, ಬಾಣದ ಗುರುತು ಹೋಲಿಸಿ. ಹಳೆಯದು ಕುಸಿದು ಗಿಡ್ಡ ಆಗಿರುತ್ತದೆ, ಎತ್ತರದ ವ್ಯತ್ಯಾಸ ಕಂಡು ಗಾಬರಿ ಬೇಡ. ಮೌಂಟಿಂಗ್ ಹೊರಗಿರುವಾಗಲೇ ಚಾಸಿ ಬ್ರಾಕೆಟ್ಟನ್ನು ತಂತಿ ಬ್ರಷ್‌ನಿಂದ ಉಜ್ಜಿ, ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ.

ಹೊಸದನ್ನು ಇಟ್ಟು ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ಕೆಲವು ಸುತ್ತು ತಿರುಗಿಸಿ. ಯಾವುದನ್ನೂ ಬಿಗಿ ಮಾಡಬೇಡಿ. ಇನ್ನೊಂದು ಕಡೆಯದನ್ನೂ ಹಾಗೇ ಮುಗಿಸಿ, ಇಂಜಿನ್ ಇಳಿಸಿ, ಪೂರ್ತಿ ಭಾರ ಕೂತ ಮೇಲೆ ಎರಡು ಸಲ ಅಲ್ಲಾಡಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಇಂಜಿನ್ ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ. ನಡುಕ ಹಾಗೇ ಉಳಿಯುತ್ತದೆ, ಹೊಸ ಮೌಂಟಿಂಗ್ ಬೇಗ ಹರಿಯುತ್ತದೆ. ಎಷ್ಟು ಬಿಗಿಯಬೇಕು ಅನ್ನುವುದನ್ನು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ. ನೈಲಾನ್ ಉಂಗುರದ ಲಾಕ್ ನಟ್ ಹಳೆಯದನ್ನೇ ಹಾಕಬೇಡಿ.

ಕಾಡಿನ ಮಧ್ಯೆ ಎಡಗಡೆಯದು ಹರಿದರೆ? ಇಂಜಿನ್ನಿನ ಎಡಗಡೆ ಕೊಕ್ಕೆಯಿಂದ ಚಾಸಿಗೆ ಒಂದು ಸರಪಳಿ ಕಟ್ಟಿ, ಸ್ವಲ್ಪವೇ ಸಡಿಲ ಇರಲಿ. ಇಂಜಿನ್ ಮೇಲೇಳುವುದನ್ನು ಅದು ತಡೆಯುತ್ತದೆ. ರ‍್ಯಾಚೆಟ್ ಪಟ್ಟಿಯೂ ನಡೆಯುತ್ತದೆ, ಆದರೆ ಎಕ್ಸಾಸ್ಟ್ ಹತ್ತಿರ ಬಂದರೆ ಕರಗುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಒತ್ತುತ್ತಾ, ಗಾಡಿಗೆ ಜರ್ಕ್ ಕೊಡದೆ ರಸ್ತೆ ಮುಟ್ಟಿಸಿ.

ಹೊಸ ಮೌಂಟಿಂಗ್ ಹಾಕಿ ಮೊದಲ ಆಫ್‌ರೋಡ್ ಓಟ ಮುಗಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಮತ್ತೊಮ್ಮೆ ರೆಂಚ್ ಹಾಕಿ. ಬಿಗಿದ ದಿನವೇ ನಟ್ಟಿನಿಂದ ಬ್ರಾಕೆಟ್ ತನಕ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಮುಂದೆ ಪ್ರತಿ ಸಲ ಬಾನೆಟ್ ತೆರೆದಾಗ ನಟ್ಟು ಜರುಗಿದೆಯಾ ಇಲ್ಲವಾ ಅಂತ ಕಣ್ಣಿಗೇ ಕಾಣುತ್ತದೆ.